ತನ್ನನ್ನೇ ನೋಡಿ ನಕ್ಕ ವ್ಯಾಪಾರಿ

ಮಳೆ ಶುರುವಾಗುವ ಮೊದಲು ಮನೆ ಬದಲಿಸಿಬಿಡೋಣ ಎಂದು ಪುಣೆಯ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಬಂದೆವು. ಸಾಮಾನು ಕಟ್ಟುವಾಗ ಹಳೆಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಲ್ಕು ಹಾಳೆಯ ಭಾಷಣ ಸಿಕ್ಕಿತು. ಅಕ್ಷರ ನನ್ನದೇ. ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿದ ವರ್ಷ, ಇಲ್ಲಿನ ಕನ್ನಡಿಗರು ಸೇರಿ ಮಾಡಿದ ರಾಜ್ಯೋತ್ಸವದಲ್ಲಿ ಓದಿದ್ದು. ವಿಷಯ, ಹೊರನಾಡಿನಲ್ಲಿ ಶುದ್ಧ ಕನ್ನಡ. ಮೊದಲ ಪುಟದಲ್ಲೇ ಒಂದು ವಾಕ್ಯಕ್ಕೆ ಎರಡು ಅಡಿಗೆರೆ: ಕನ್ನಡವನ್ನು ಶುದ್ಧವಾಗಿ ಉಳಿಸುವ ಜವಾಬ್ದಾರಿ ನಮ್ಮದು. 'ಜವಾಬ್ದಾರಿ' ಪಾರಸಿಯಿಂದ ಬಂದ ಮಾತು ಎನ್ನುವುದು ಆ ಹೊತ್ತಿಗೆ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಭಾಷಣ ಬರೆಯುವಾಗ ಮಾತ್ರ ಅದು ನೆನಪಾಗಲಿಲ್ಲ.

ಅಷ್ಟೇ ಆಗಿದ್ದರೆ ನಕ್ಕು ಹಾಳೆಯನ್ನು ರದ್ದಿಗೆ ಹಾಕಬಹುದಿತ್ತು. ಮೂರನೆಯ ಪುಟದಲ್ಲಿ ಒಂದು ಪಟ್ಟಿ ಇದೆ, 'ನಮ್ಮ ನಡುವಿನ ಕಲಬೆರಕೆ' ಎಂದು. ಗರ್ದಿ, ಗಡಬಡ, ಭಾಜಿ, ಚುಕ್ಕಿತು. ಅಷ್ಟೂ ಮಾತು ನಾನು ಆಗ ಬಾಡಿಗೆಗಿದ್ದ ಕಟ್ಟಡದ ಕೆಳಗಿನ ಮನೆಯ ಕಾಕು ಅವರದು. ಅವರು ಸೊಲ್ಲಾಪುರದ ಕಡೆಯವರು. ನನಗೆ ಜ್ವರ ಬಂದಾಗ ಗಂಜಿ ಕೊಟ್ಟು ಕಳಿಸಿದವರು. ಆ ದಿನ ಎರಡನೆಯ ಸಾಲಿನಲ್ಲಿ ಕೂತಿದ್ದರು. ನಾನು ಅವರ ಧಾಟಿಯಲ್ಲೇ ಪಟ್ಟಿ ಓದಿದೆ, ಸಭೆ ನಕ್ಕಿತು, ಕಾಕು ಕೂಡ ನಕ್ಕರು. ಮರುದಿನದಿಂದ ಅವರು ನನ್ನೊಡನೆ ಹಿಂದಿಯಲ್ಲಿ ಮಾತಾಡತೊಡಗಿದರು.

ಹಾಳೆ ಹಿಡಿದು ಕೂತಾಗ ನೆನಪಾದದ್ದು ಆಗ್ರಾದ ಒಬ್ಬ ವ್ಯಾಪಾರಿ. ಹೆಸರು ಬನಾರಸೀದಾಸ. 1641ರ ಚಳಿಗಾಲದಲ್ಲಿ, ತನ್ನ 55ನೇ ವಯಸ್ಸಿನಲ್ಲಿ, ಆತ ಅದುವರೆಗಿನ ತನ್ನ ಬದುಕನ್ನು 675 ಪದ್ಯಗಳಲ್ಲಿ ಬರೆದಿಟ್ಟ. ಜೈನರ ಲೆಕ್ಕದಲ್ಲಿ ಆಗಿನ ಮನುಷ್ಯನ ಪೂರ್ಣಾಯುಷ್ಯ 110 ವರ್ಷ, ತನಗೆ ಅರ್ಧ ಕಳೆದಿದೆ, ಹಾಗಾಗಿ ಇದು 'ಅರ್ಧಕಥಾನಕ' ಎಂದ. ಹಿಂದಿಯ ಮೊದಲ ಆತ್ಮಕಥೆ ಎಂದು ಇದನ್ನು ಕರೆಯುವುದು ರೂಢಿ. ಉಳಿದರ್ಧ ಬರೆಯಲು ಆಯುಸ್ಸು ಸಿಗಲಿಲ್ಲ, ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಆದರೆ ಬರೆದಷ್ಟರಲ್ಲಿ ತನ್ನ ಹಳೆಯ ಪೆದ್ದುತನಗಳನ್ನು ಒಂದೊಂದಾಗಿ ಅಂಗಡಿಯ ಮುಂದೆ ಹರವಿದಂತೆ ಹರವಿದ್ದಾನೆ.

ಬನಾರಸಿ ಹುಟ್ಟಿದ್ದು 1586ರ ಸುಮಾರಿಗೆ, ಜೌನ್‌ಪುರದಲ್ಲಿ. ಮನೆತನ ಶ್ರೀಮಾಲ ಜೈನರದು, ತಂದೆ ಖರಗಸೇನ ರತ್ನದ ವ್ಯಾಪಾರಿ. ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜೀತ. ಕೆಲವು ತಿಂಗಳ ಕೂಸನ್ನು ಕಾಶಿಯ ಪಾರ್ಶ್ವನಾಥನ ಪಾದಕ್ಕೆ ಹಾಕಲು ಹೋದಾಗ ಅಲ್ಲಿನ ಪೂಜಾರಿ ಉಸಿರು ಬಿಗಿಹಿಡಿದು ಧ್ಯಾನಕ್ಕೆ ಕೂತ. ಕಣ್ಣು ಬಿಟ್ಟು, ಪಾರ್ಶ್ವನ ಯಕ್ಷ ನನಗೆ ಕಾಣಿಸಿಕೊಂಡ, ಪಾರ್ಶ್ವಪ್ರಭು ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರೆ ದೀರ್ಘಾಯು ಎಂದಿದ್ದಾನೆ ಎಂದ. ಮನೆಯವರು ನಂಬಿದರು. ಪೂಜಾರಿಯದು ನಾಟಕ ಎಂದು ಕಥೆ ಹೇಳುವ ಬನಾರಸಿಗೆ ಚೆನ್ನಾಗಿ ಗೊತ್ತು. ಆದರೂ ಹೆಸರು ಬದಲಿಸಿಕೊಳ್ಳಲಿಲ್ಲ. ಸುಳ್ಳಿನಿಂದ ಬಂದ ಹೆಸರನ್ನೇ ಇಟ್ಟುಕೊಂಡು ಸತ್ಯ ಹೇಳಲು ಹೊರಟವನು ಈತ.

14ನೇ ವಯಸ್ಸಿಗೆ ಪ್ರೇಮದ ಹುಚ್ಚು ಹತ್ತಿತು. ಅಪ್ಪನ ಪೆಟ್ಟಿಗೆಯಿಂದ ಮಾಣಿಕ್ಯ ಕದ್ದು, ಪ್ರೀತಿಸಿದವರಿಗೆ ಎಲೆ-ಅಡಿಕೆ, ಮಿಠಾಯಿ ಒಯ್ಯುವುದು. ಒಂದು ಕಡೆ ಓದು, ಇನ್ನೊಂದು ಕಡೆ ಇದು. ಮನೆಯ ಹಿರಿಯರಿಗೆ ಎರಡೂ ಸರಿ ಕಾಣಲಿಲ್ಲ. ಬಹಳ ಓದುವುದು ಬ್ರಾಹ್ಮಣರಿಗೆ, ಭಾಟರಿಗೆ ಸರಿ, ಶೆಟ್ಟರ ಮಗ ಅಂಗಡಿಯಲ್ಲಿ ಕೂರಬೇಕು, ಹೆಚ್ಚು ಓದಿದವನು ಭಿಕ್ಷೆ ಬೇಡುತ್ತಾನೆ ಎಂದು ಬುದ್ಧಿ ಹೇಳಿದರು. ಕೇಳಲಿಲ್ಲ. ಶೃಂಗಾರವೇ ಹೆಚ್ಚಾಗಿದ್ದ 'ನವರಸ' ಎಂಬ ಸಾವಿರ ಪದ್ಯಗಳ ಪುಸ್ತಕವನ್ನೂ ಬರೆದ. ನಡುವೆ ಹೆಂಡತಿಯನ್ನು ಕರೆತರಲು ಖೈರಾಬಾದಿಗೆ ಹೋದಾಗ ಮೈತುಂಬ ಹುಣ್ಣೆದ್ದವು, ಕೂದಲು ಉದುರಿತು. ಹತ್ತಿರ ಬರಲು ಎಲ್ಲರೂ ಹೇಸಿದರು. ಹೆಂಡತಿ, ಅತ್ತೆ ಇಬ್ಬರೇ ಆರೈಕೆ ಮಾಡಿದರು. ಕೊನೆಗೆ ವಾಸಿ ಮಾಡಿದ್ದು ಊರಿನ ಒಬ್ಬ ಕ್ಷೌರಿಕ. ಗುಣವಾಗಿ ಮನೆಗೆ ಮರಳಿದವನು ಏನು ಮಾಡಿದ? ಮತ್ತೆ ಓದು, ಮತ್ತೆ ಪ್ರೇಮ. ಇದನ್ನೂ ಆತನೇ ಹೇಳುತ್ತಾನೆ. ಕಾಯಿಲೆ ಬಂತು, ಬುದ್ಧಿ ಬಂತು ಎಂಬ ಸುಲಭದ ಕಥೆ ಕಟ್ಟಲು ಒಳ್ಳೆಯ ಜಾಗ ಅದು, ಕಟ್ಟಲಿಲ್ಲ.

ಆಮೇಲೆ ಬಂದದ್ದು ಮಂತ್ರದ ಪ್ರಸಂಗ. ಒಬ್ಬ ಸಂನ್ಯಾಸಿ, ನನ್ನ ಹತ್ತಿರ ಒಂದು ಮಂತ್ರ ಇದೆ, ಒಂದು ವರ್ಷ ಗುಟ್ಟಾಗಿ ಜಪಿಸು, ಆಮೇಲೆ ದಿನಕ್ಕೊಂದು ಬಂಗಾರದ ನಾಣ್ಯ ಬಾಗಿಲಲ್ಲಿ ಬಿದ್ದಿರುತ್ತದೆ ಎಂದ. ಗುಟ್ಟಾಗಿ ಜಪಿಸುವ ಜಾಗ ಯಾವುದು? ಪಾಯಿಖಾನೆ. ಬನಾರಸಿ ವರ್ಷವಿಡೀ ಅಲ್ಲಿ ಕೂತು ಜಪಿಸಿದ. ವರ್ಷ ತುಂಬಿದ ದಿನ ಬೆಳಿಗ್ಗೆ ಎದ್ದು ಮಿಂದು ಬಾಗಿಲಿಗೆ ಬಂದು ನೆಲ ಹುಡುಕಿದ. ಏನೂ ಇಲ್ಲ. ದಿನದ ಲೆಕ್ಕ ತಪ್ಪಿರಬೇಕೆಂದು ಮರುದಿನವೂ ಹುಡುಕಿದ. ಗುರು ಭಾನುಚಂದ್ರರು ಬುದ್ಧಿ ಹೇಳಿದ ಮೇಲಷ್ಟೇ ಭ್ರಮೆ ಇಳಿದದ್ದು.

ಇಳಿಯಿತು ಎನ್ನುವಷ್ಟರಲ್ಲಿ ಒಬ್ಬ ಜೋಗಿ ಬಂದು ಒಂದು ಪುಟ್ಟ ಶಂಖ ಕೊಟ್ಟು, ಇದೇ ಸದಾಶಿವ, ಪೂಜೆ ಮಾಡಿದರೆ ಮೋಕ್ಷ ಎಂದ. ಜೈನ ಹುಡುಗ ಮನೆಯವರಿಗೆ ತಿಳಿಯದ ಹಾಗೆ ಶಂಖಕ್ಕೆ ಪೂಜೆ ಮಾಡಿದ. ಪೂಜೆ ಆಗದ ದಿನ ಊಟ ಬಿಟ್ಟ. ತಂದೆ ಸಮ್ಮೇದಶಿಖರದ ಯಾತ್ರೆಗೆ ಹೋಗಿದ್ದಾಗ ಮಗ ಪಾರ್ಶ್ವನಾಥನ ದರ್ಶನಕ್ಕೆಂದು ಕಾಶಿಗೆ ಹೊರಟ. ಜಿನನನ್ನು ನೋಡಲು ಹೋಗುವಾಗಲೂ ಜೊತೆಯಲ್ಲಿ ಶಿವಶಂಖ! ಹಿಂದಿಯಲ್ಲಿ 'ಮಹಾಶಂಖ' ಎಂದರೆ ಶುದ್ಧ ಪೆದ್ದ ಎಂಬ ಅರ್ಥವೂ ಇದೆ. ದೇವರು ಶಂಖ, ಭಕ್ತ ಮಹಾಶಂಖ, ಒಡೆಯನಿಗೂ ಆಳಿಗೂ ಒಳ್ಳೆಯ ಜೋಡಿ ಎಂದು ಬನಾರಸಿ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾನೆ.

ಶಂಖಪೂಜೆ ನಿಂತದ್ದು ಒಬ್ಬ ಬಾದಶಹನ ಸಾವಿನಿಂದ. 1605ರ ಅಕ್ಟೋಬರಿನಲ್ಲಿ ಆಗ್ರಾದಲ್ಲಿ ಅಕ್ಬರ್ ತೀರಿಕೊಂಡ. ಸುದ್ದಿ ಜೌನ್‌ಪುರ ಮುಟ್ಟಿದಾಗ ಬನಾರಸಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಕೇಳಿದವನೇ ತಲೆ ಸುತ್ತಿ ಉರುಳಿಬಿದ್ದ, ತಲೆ ಒಡೆಯಿತು. ತಾಯಿ ಬಟ್ಟೆ ಸುಟ್ಟ ಬೂದಿ ಗಾಯಕ್ಕೆ ಒತ್ತಿದಳು. ಊರಿನಲ್ಲಿ ದೊಡ್ಡ ಗಾಬರಿ. ಅಂಗಡಿ ಮುಚ್ಚಿದವು, ಒಡವೆ ನೆಲದೊಳಗೆ ಸೇರಿದವು, ಸಾಹುಕಾರರು ಒಳ್ಳೆಯ ಬಟ್ಟೆ ಬಚ್ಚಿಟ್ಟು ಒರಟು ಕಂಬಳಿ ಹೊದ್ದರು, ಬಡವ ಯಾರು ಬಲ್ಲಿದ ಯಾರು ಗೊತ್ತಾಗದ ಹಾಗಾಯಿತು. ಹತ್ತು ದಿನದ ಮೇಲೆ ಆಗ್ರಾದಿಂದ ಕಾಗದ ಬಂತು, ಜಹಾಂಗೀರ್ ಪಟ್ಟಕ್ಕೆ ಬಂದಿದ್ದಾನೆ ಎಂದು. ಊರು ಉಸಿರು ಬಿಟ್ಟಿತು. ಒಬ್ಬ ದೊರೆ ಸತ್ತರೆ ಒಂದು ಊರಿನ ಬೀದಿಗೆ ಏನಾಗುತ್ತದೆ ಎನ್ನುವುದು ದರ್ಬಾರಿನ ಚರಿತ್ರೆಗಳಲ್ಲಿ ಹೀಗೆ ಸಿಗುವುದು ಅಪರೂಪ. ಬನಾರಸಿಗೆ ಮಾತ್ರ ಆ ಗಾಯದ ತಲೆಯಲ್ಲಿ ಹೊಳೆದದ್ದು ಬೇರೆ: ನಾನು ಬಿದ್ದಾಗ ಶಿವ ಬಂದು ಹಿಡಿಯಲಿಲ್ಲವಲ್ಲ? ಶಂಖ ಮೂಲೆ ಸೇರಿತು.

ಸ್ವಲ್ಪ ದಿನಕ್ಕೆ ಗೆಳೆಯರೊಡನೆ ಗೋಮತಿಯ ಸೇತುವೆಗೆ ಹೋದ. ಅಕ್ಬರನ ಕಾಲದಲ್ಲಿ ಕಟ್ಟಿದ ಆ ಕಲ್ಲಿನ ಸೇತುವೆ ಜೌನ್‌ಪುರದಲ್ಲಿ ಈಗಲೂ ನಿಂತಿದೆ. ಕೈಯಲ್ಲಿ 'ನವರಸ'. ಓದುತ್ತ ಓದುತ್ತ ಮನಸ್ಸು ತಿರುಗಿತು. ಒಂದು ಸುಳ್ಳು ಹೇಳಿದವನಿಗೇ ನರಕ ಎನ್ನುತ್ತಾರೆ, ನಾನು ಪುಸ್ತಕದ ತುಂಬ ಸುಳ್ಳು ಬರೆದಿದ್ದೇನೆ ಎನಿಸಿ ಕಟ್ಟನ್ನು ಹೊಳೆಗೆ ಎಸೆದ. ಗೆಳೆಯರು ಅಯ್ಯೋ ಎಂದರು. ಬಿಡಿಹಾಳೆಗಳು ತೇಲಿಹೋದವು. ಅಪ್ಪನಿಗೆ ವಿಷಯ ತಿಳಿದು ಸಂತೋಷವಾಯಿತು.

ಇಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. 'ನವರಸ' ಉಳಿದಿಲ್ಲ. ತನ್ನ ಹಳೆಯದನ್ನು ನೋಡಲಾರದೆ 19ರ ಹುಡುಗ ಅದನ್ನು ನೀರಿಗೆ ಹಾಕಿದ. ಅದೇ ಮನುಷ್ಯ 55ಕ್ಕೆ ಬಂದಾಗ ಆ ಪುಸ್ತಕದ ಸುದ್ದಿಯನ್ನೂ ಅದನ್ನು ಎಸೆದ ಸುದ್ದಿಯನ್ನೂ ಇನ್ನೊಂದು ಪುಸ್ತಕದಲ್ಲಿ ಬರೆದಿಟ್ಟ. ನಾಚಿಕೆ ಹೊಸದಾಗಿದ್ದಾಗ ಹರಿದು ಬಿಸಾಕುವುದೇ ದಾರಿಯಾಗಿ ಕಾಣುತ್ತದೆ. ಹಳೆಯದಾದ ಮೇಲೆ ಅದನ್ನು ಹೇಳಬಹುದು, ಕೇಳುವವರಿಗೆ ನಗು ಬರುವ ಹಾಗೂ ಹೇಳಬಹುದು.

ಪ್ರೇಮ, ಭಕ್ತಿ ಮುಗಿದ ಮೇಲೆ ವ್ಯಾಪಾರ. ಒಂದಷ್ಟು ರತ್ನ, 20 ಮಣ ತುಪ್ಪ, ಎರಡು ಕುಪ್ಪಿಗೆ ಎಣ್ಣೆ, ಜೌನ್‌ಪುರದ ಬಟ್ಟೆ, ಎಲ್ಲ ಸೇರಿ 200 ರೂಪಾಯಿಯ ಮಾಲನ್ನು ಅಪ್ಪ ಗಾಡಿಗೆ ಹಾಕಿಸಿ, ಆಗ್ರಾಕ್ಕೆ ಹೋಗಿ ಮಾರು ಎಂದ. ಇಟಾವಾ ಹತ್ತಿರ ಮಳೆ ಹಿಡಿಯಿತು. ಸರಾಯಿಯಲ್ಲಿ ಜಾಗ ಇಲ್ಲ. ಕೆಸರಿನಲ್ಲಿ ಮನೆಮನೆ ತಿರುಗಿದರೂ ಯಾರೂ ಒಳಗೆ ಬಿಡಲಿಲ್ಲ. ಒಬ್ಬ ಹೆಣ್ಣುಮಗಳು ಕನಿಕರದಿಂದ ಕರೆದರೆ ಅವಳ ಗಂಡ ಬಿದಿರ ಕೋಲು ಹಿಡಿದು ಬಂದ. ಕಡೆಗೆ ಕಾವಲುಗಾರರ ಗುಡಿಸಲು ಸಿಕ್ಕಿತು. ಅಲ್ಲಿಗೂ ಒಬ್ಬ ಬಂದು, ಇದು ನನ್ನ ಜಾಗ ಎಂದು ಜಗಳ ತೆಗೆದು, ಆಮೇಲೆ ಮನಸ್ಸು ಕರಗಿ ಗೋಣಿತಟ್ಟು ಕೊಟ್ಟು, ನೀವು ಇದರ ಮೇಲೆ ಮಲಗಿ ಎಂದ. ತಾನು ಮಂಚ ಹಾಕಿಕೊಂಡ, ಅವರ ಮೇಲೆ. ಮೇಲೆ ಆ ಮಹಾರಾಯ, ಮಂಚದ ಕೆಳಗೆ ರತ್ನದ ವ್ಯಾಪಾರಿಗಳು.

ಆಗ್ರಾದಲ್ಲಿ ಆದದ್ದು ಇನ್ನೂ ಚಂದ. ಪೇಟೆಯ ಏರಿಳಿತ ತಿಳಿಯದೆ ಬಟ್ಟೆಯಲ್ಲಿ ನಷ್ಟ. ಇಜಾರದ ಲಾಡಿಯಲ್ಲಿ ಕಟ್ಟಿಕೊಂಡಿದ್ದ ರತ್ನ, ಲಾಡಿ ಹರಿದು ಎಲ್ಲೋ ಬಿದ್ದುಹೋಯಿತು. ಬಟ್ಟೆಯಲ್ಲಿ ಗಂಟು ಹಾಕಿಟ್ಟಿದ್ದ ಮಾಣಿಕ್ಯಗಳನ್ನು ಗಂಟಿನ ಸಮೇತ ಇಲಿ ಒಯ್ದಿತು. ಇದ್ದದ್ದೆಲ್ಲ ಕರಗಿದ ಮೇಲೆ ಪೇಟೆಗೆ ಹೋಗುವುದನ್ನೇ ಬಿಟ್ಟು, ರಾತ್ರಿ ಹೊತ್ತು 'ಮಧುಮಾಲತಿ', 'ಮೃಗಾವತಿ' ಎಂಬ ಪ್ರೇಮಕಥೆಗಳನ್ನು ಓದಿ ಹೇಳತೊಡಗಿದ. ಹತ್ತಿಪ್ಪತ್ತು ಜನ ಕೇಳಲು ಬರುತ್ತಿದ್ದರು. ಅವರಲ್ಲಿ ಒಬ್ಬ ಕಚೋರಿ ಮಾರುವವನು. ಬನಾರಸಿ ಅವನಲ್ಲಿ ಸಾಲವಾಗಿ ಎರಡು ಹೊತ್ತು ಕಚೋರಿ ತಿಂದು ಬದುಕಿದ. ತಿಂಗಳು ಕಳೆದ ಮೇಲೆ ತಡೆಯಲಾರದೆ ಅವನನ್ನು ಒಂಟಿಯಾಗಿ ಕರೆದು, ನನ್ನ ಹತ್ತಿರ ಏನೂ ಇಲ್ಲ, ಇನ್ನು ಸಾಲ ಕೊಡಬೇಡ ಎಂದ. ಆತ, 20 ರೂಪಾಯಿಯವರೆಗೂ ತಿನ್ನು, ಯಾರೂ ಏನೂ ಅನ್ನುವುದಿಲ್ಲ ಎಂದ. ಆರೇಳು ತಿಂಗಳ ಲೆಕ್ಕ ಕೊನೆಗೆ 14 ರೂಪಾಯಿ ಆಯಿತು, ತೀರಿಸಿದ.

ಪರಊರಿಗೆ ಹೋಗಿ ಮೊದಲ ಕೆಲಸ ಕೆಟ್ಟು, ಮನೆಗೆ 'ಎಲ್ಲ ಚೆನ್ನಾಗಿದೆ' ಎಂದು ಹೇಳಿ, ಯಾವುದೋ ಮೆಸ್ಸಿನವರ ದಯೆಯಲ್ಲಿ ತಿಂಗಳುಗಟ್ಟಲೆ ಉಂಡವರು ಈ ಪತ್ರ ಓದುತ್ತಿರುವವರಲ್ಲಿ ಎಷ್ಟು ಜನ ಇದ್ದೀರೋ. ಬನಾರಸಿಯ ಗುಟ್ಟು ಕೊನೆಗೆ ಗೊತ್ತಾದದ್ದು ಹೆಂಡತಿಗೆ. ಖೈರಾಬಾದಿಗೆ ಬಂದವನನ್ನು ಆಕೆ ಏಕಾಂತದಲ್ಲಿ ಕೇಳಿದಳು. ಮೊದಲು ಸುಳ್ಳು ಹೇಳಿ, ಆಮೇಲೆ ನಿಜ ಒಪ್ಪಿಕೊಂಡ. ತಾನು ಕೂಡಿಟ್ಟಿದ್ದ 20 ರೂಪಾಯಿ ತಂದು ಕೊಟ್ಟಳು, ತಾಯಿಗೆ ಹೇಳಿ 200 ಕೊಡಿಸಿದಳು.

ಇಷ್ಟೆಲ್ಲ ಬರೆದದ್ದರಲ್ಲಿ ಧೈರ್ಯ ಏನಿತ್ತು? ಅದಕ್ಕೆ ಅಂದಿನ ಉಳಿದ ಆತ್ಮಕಥೆಗಳನ್ನು ನೋಡಬೇಕು. ಬಾಬರ್ ತನ್ನ ಹದಿಹರೆಯದ ಮೋಹದ ಬಗ್ಗೆ, ಬರಿತಲೆ ಬರಿಗಾಲಲ್ಲಿ ಬೀದಿ ಅಲೆದ ಬಗ್ಗೆ ಬರೆದಿದ್ದಾನೆ. ಜಹಾಂಗೀರ್ ತನ್ನ ಕುಡಿತವನ್ನು ಲೆಕ್ಕಸಮೇತ ಒಪ್ಪಿಕೊಂಡಿದ್ದಾನೆ. ಆದರೆ ಅವರು ಬಾದಶಹರು, ನಗುವವರು ಯಾರು? ವ್ಯಾಪಾರಿಯ ಬಂಡವಾಳವೇ ಹೆಸರು. ಹುಂಡಿ ನಡೆಯುವುದು, ಸಾಲ ಹುಟ್ಟುವುದು, ಮಕ್ಕಳಿಗೆ ಸಂಬಂಧ ಕೂಡುವುದು, ಎಲ್ಲವೂ 'ಆ ಮನೆತನದವರು ನಂಬಿಗಸ್ತರು' ಎಂಬ ಮಾತಿನ ಮೇಲೆ. ಅಂಥವನು ಅಪ್ಪನ ಪೆಟ್ಟಿಗೆಯಿಂದ ಕದ್ದೆ, ಕೊಟ್ಟ ಮಾಲು ಮುಳುಗಿಸಿದೆ, ಕಚೋರಿ ಸಾಲ ಮಾಡಿದೆ ಎಂದು ತನ್ನ ಊರಿನವರ, ತನ್ನ ಜಾತಿಯವರ ನಡುವೆ ಬರೆದ. ಅಪಮಾನ, ಮನೆಯ ಗುಟ್ಟು, ಹಣದ ಲೆಕ್ಕ ಇವನ್ನೆಲ್ಲ ಬಚ್ಚಿಡಬೇಕು ಎಂಬ ನೀತಿಯೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಿಚ್ಚಿಟ್ಟ.

ಅವನು ಬಳಸಿದ ಭಾಷೆಯ ಕಡೆ ನನ್ನ ಗಮನ ಹೋಗುವುದು ಕಸುಬಿನಿಂದ. ಮಧ್ಯದೇಶದ ಆಡುಮಾತಿನಲ್ಲಿ ಹೇಳುತ್ತೇನೆ ಎಂದು ಮೊದಲೇ ಹೇಳಿಬಿಡುತ್ತಾನೆ. ಸಂಸ್ಕೃತ ಓದಿದವನು, ಆದರೆ ಬದುಕಿನ ಕಥೆಗೆ ಅದು ಬೇಡ. ವ್ರಜದ ರೂಪಗಳು, ಖಡೀಬೋಲಿಯ ರೂಪಗಳು ಒಟ್ಟೊಟ್ಟಿಗೆ ಬರುತ್ತವೆ, ನಡುನಡುವೆ ಪಾರಸಿ. ಅದೂ ಪಂಡಿತರ ಪಾರಸಿ ಅಲ್ಲ, ಪೇಟೆಯ ನಾಲಗೆಯಲ್ಲಿ ಸವೆದದ್ದು. 'ಆಶಿಕಿ' ಅವನಲ್ಲಿ 'ಆಸಿಖಿ', ಬಾದಶಹ 'ಪಾತಿಸಾಹ'. 23 ವರ್ಷದ ನನ್ನ ಕೈಗೆ ಸಿಕ್ಕಿದ್ದರೆ ಆ ಪುಸ್ತಕದ ತುಂಬ ಕೆಂಪು ಶಾಯಿ. ಇನ್ನೊಂದು ವಿಷಯ: ಹೆಚ್ಚಿನ ಕಡೆ ಆತ ತನ್ನನ್ನು 'ನಾನು' ಎನ್ನುವುದಿಲ್ಲ, 'ಬನಾರಸಿ' ಎನ್ನುತ್ತಾನೆ. ಬನಾರಸಿ ಹೀಗೆ ಮಾಡಿದ, ಬನಾರಸಿ ಅಲ್ಲಿ ಬಿದ್ದ. ಪದ್ಯದಲ್ಲಿ ಕವಿ ತನ್ನ ಹೆಸರು ಹೇಳಿಕೊಳ್ಳುವುದು ಹಳೆಯ ರೂಢಿಯೇ. ಈ ಕಥೆಯಲ್ಲಿ ಮಾತ್ರ ಅದು ಬೇರೆ ಕೆಲಸ ಮಾಡುತ್ತದೆ. ಪಕ್ಕದ ಮನೆಯ ಹುಡುಗನ ಬಗ್ಗೆ ಹೇಳಿದಂತೆ, ಬೈಗುಳವಿಲ್ಲದೆ, ವಕಾಲತ್ತೂ ಇಲ್ಲದೆ ಹೇಳಲು ಸಾಧ್ಯವಾಗುತ್ತದೆ.

ಹುಡುಗಾಟ 20ಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಸುಮಾರು 37ರ ಹೊತ್ತಿಗೆ, 1623ರಲ್ಲಿ, ಕುಂದಕುಂದರ 'ಸಮಯಸಾರ' ಅವನ ಕೈಗೆ ಬಂತು. ಆತ್ಮವೊಂದೇ ನಿಜ, ಹೊರಗಿನ ಕ್ರಿಯೆ ಮುಖ್ಯವಲ್ಲ ಎಂಬುದನ್ನು ಅರ್ಧ ತಿಳಿದುಕೊಂಡು ಪೂಜೆ ಬಿಟ್ಟ, ವ್ರತ ಬಿಟ್ಟ, ದೇವರಿಗಿಟ್ಟ ನೈವೇದ್ಯವನ್ನೇ ತಿಂದ. ಚಂದ್ರಭಾನ, ಉದಯಕರಣ, ಥಾನ ಎಂಬ ಮೂವರು ಗೆಳೆಯರು ಜೊತೆಗೆ. ನಾಲ್ವರೂ ಕೋಣೆಯ ಬಾಗಿಲು ಹಾಕಿಕೊಂಡು ಬಟ್ಟೆ ಬಿಚ್ಚಿ, ನಾವು ಮುನಿಗಳಾದೆವು, ನಮಗೆ ಯಾವ ಪರಿಗ್ರಹವೂ ಇಲ್ಲ ಎಂದು ಸುತ್ತು ತಿರುಗುತ್ತಿದ್ದರು. ಸಂಸಾರಸ್ಥ, ನಡುವಯಸ್ಸಿನ ವ್ಯಾಪಾರಿಗಳು! ಊರಿನಲ್ಲಿ ಹೆಸರು ಕೆಟ್ಟಿತು.

ಇದರಿಂದ ಅವನನ್ನು ಹೊರಗೆ ತಂದ ಪುಸ್ತಕ ನಮ್ಮ ಕಡೆಯದು. 1635ರಲ್ಲಿ ಪಾಂಡೆ ರೂಪಚಂದ ಎಂಬ ವಿದ್ವಾಂಸರು ಆಗ್ರಾಕ್ಕೆ ಬಂದು 'ಗೋಮ್ಮಟಸಾರ'ದ ಅರ್ಥ ಹೇಳಿದರು. ಗೋಮ್ಮಟಸಾರ ಬರೆದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ, ಬರೆಸಿದ್ದು ಗಂಗರ ಮಂತ್ರಿ ಚಾವುಂಡರಾಯ. ಶ್ರವಣಬೆಳಗೊಳದ ಬಾಹುಬಲಿಯನ್ನು 10ನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ, ಕನ್ನಡ ಗದ್ಯದಲ್ಲಿ ಪುರಾಣ ಬರೆದ ಅದೇ ಚಾವುಂಡರಾಯ. ಪುಸ್ತಕದ ಹೆಸರಿನ 'ಗೊಮ್ಮಟ'ನೂ ಅವನೇ. ಬಾಗಿಲು ಹಾಕಿಕೊಂಡು ಬತ್ತಲೆ ತಿರುಗಿದ ಆಗ್ರಾದ ಶೆಟ್ಟಿಗೆ ಬುದ್ಧಿ ಹೇಳಿದ್ದು, ಬಯಲಲ್ಲಿ ಬತ್ತಲೆ ನಿಂತ ಬೆಟ್ಟದಂಥ ಮೂರ್ತಿಯನ್ನು ಮಾಡಿಸಿದವನಿಗಾಗಿ ಬರೆದ ಪುಸ್ತಕ. ಇದನ್ನು ಮೊದಲು ಓದಿದಾಗ ಒಬ್ಬರೇ ಕೂತು ನಕ್ಕದ್ದು ನೆನಪಿದೆ.

ಗೋಮ್ಮಟಸಾರ ಹೇಳುವುದು ಜೀವ ಏರುವ 14 ಗುಣಸ್ಥಾನಗಳನ್ನು, ಮೆಟ್ಟಿಲುಗಳನ್ನು. ಯಾವ ಮೆಟ್ಟಿಲಲ್ಲಿ ಇದ್ದೀಯೋ ಆ ಮೆಟ್ಟಿಲಿಗೆ ತಕ್ಕ ನಡತೆ. ಮೇಲಿನವನ ವೇಷ ಹಾಕಿದ ಮಾತ್ರಕ್ಕೆ ಮೇಲೇರಿದಂತಲ್ಲ. ಇನ್ನೊಂದು ಮಾತೂ ಅದರಲ್ಲಿದೆ: 11ನೇ ಮೆಟ್ಟಿಲು ಮುಟ್ಟಿದವನೂ ಜಾರಿ ಕೆಳಗೆ ಬರುತ್ತಾನೆ. ಬನಾರಸಿಯ ಗೊಂದಲ ಇದರಿಂದ ತಿಳಿಯಾಯಿತು, ಮರುವರ್ಷವೇ 'ಸಮಯಸಾರ ನಾಟಕ' ಎಂಬ ತನ್ನ ದೊಡ್ಡ ಕೃತಿ ಮುಗಿಸಿದ. ಐದು ವರ್ಷದ ಮೇಲೆ ಅರ್ಧಕಥಾನಕ. ಹಿಂದಿನ ತನ್ನನ್ನು ಅವನು ಶತ್ರುವಿನಂತೆ ನೋಡದಿರಲು ಈ ಮೆಟ್ಟಿಲಿನ ಲೆಕ್ಕವೂ ಕಾರಣ ಎಂದು ನನ್ನ ಊಹೆ. ಕೆಳಗಿನ ಮೆಟ್ಟಿಲಲ್ಲಿ ನಿಂತವನು ಬೇರೆ ಯಾರೋ ಅಲ್ಲ. ಈಗ ನಿಂತ ಜಾಗವೂ ಗಟ್ಟಿ ಅಲ್ಲ.

ಅದಕ್ಕೇ ಕೊನೆಯಲ್ಲಿ 'ಈಗ ನಾನು ಸುಧಾರಿಸಿದೆ' ಎನ್ನುವುದಿಲ್ಲ. ಈಗಿನ ಗುಣಗಳನ್ನೂ ದೋಷಗಳನ್ನೂ ಪಟ್ಟಿ ಮಾಡುತ್ತಾನೆ. ಹಣದ ಆಸೆ ಇದೆ, ಜಪತಪ ಇಲ್ಲ, ಸಣ್ಣದಕ್ಕೆ ಕುಣಿದಾಡುತ್ತೇನೆ, ಸಣ್ಣದಕ್ಕೆ ಕುಗ್ಗುತ್ತೇನೆ, ನಗೆಚಾಟಿಕೆ ಬಿಡಲಾರೆ, ಯಾರೂ ಇಲ್ಲದಾಗ ಒಬ್ಬನೇ ಕುಣಿಯುತ್ತೇನೆ. ಜನರಲ್ಲಿ ಉತ್ತಮರು, ಮಧ್ಯಮರು, ಅಧಮರು ಎಂದು ಮೂರು ಬಗೆ ಎಣಿಸಿ, ತನ್ನನ್ನು ನಡುವೆ ನಿಲ್ಲಿಸಿಕೊಳ್ಳುತ್ತಾನೆ.

ಅವನ ನಗು ನಿಲ್ಲುವ ಜಾಗಗಳೂ ಇವೆ. ಪ್ಲೇಗಿನಲ್ಲಿ ಆಗ್ರಾ ಖಾಲಿಯಾದದ್ದನ್ನು ಹೇಳುವಾಗ ನಗುವಿಲ್ಲ. 20 ರೂಪಾಯಿ ಕೊಟ್ಟ ಆ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಳು. ಆ ಸುದ್ದಿಯನ್ನೂ, ಅವಳ ತಂಗಿಯ ಜೊತೆ ಸಂಬಂಧ ಗೊತ್ತಾದ ಸುದ್ದಿಯನ್ನೂ ಒಬ್ಬನೇ ಮನುಷ್ಯ ಒಂದೇ ಸಲ ತಂದ. ಆಮೇಲೂ ಮದುವೆಗಳಾದವು, ಒಟ್ಟು ಮೂರು. ಒಂಬತ್ತು ಮಕ್ಕಳು ಹುಟ್ಟಿ ಒಂಬತ್ತೂ ತೀರಿಕೊಂಡರು. ಉಳಿದ ಗಂಡ ಹೆಂಡತಿ ಎಲೆ ಉದುರಿದ ಮರಗಳ ಹಾಗೆ. ಪೆದ್ದುತನಗಳಿಗೆ ಪದ್ಯದ ಮೇಲೆ ಪದ್ಯ ಕೊಟ್ಟವನು ಇದಕ್ಕೆ ಕೊಟ್ಟದ್ದು ಬಹಳ ಸ್ವಲ್ಪ. ನಗಬಹುದಾದ ತಪ್ಪು ಯಾವುದು, ನಗಲಾಗದ ನೋವು ಯಾವುದು ಎಂಬ ಗೆರೆ ಅವನಿಗೆ ಸ್ಪಷ್ಟ ಇತ್ತು.

ನನ್ನ ಭಾಷಣ ಆ ಗೆರೆಯ ಯಾವ ಕಡೆ ಬೀಳುತ್ತದೆ? 'ಜವಾಬ್ದಾರಿ' ಈ ಕಡೆ, ಸಂಶಯವಿಲ್ಲ. ಆ ಪಟ್ಟಿ ಗೊತ್ತಿಲ್ಲ. ಬನಾರಸಿ ನಗುವುದು ತನಗೆ ತಾನೇ ಮಾಡಿಕೊಂಡ ಪೆಟ್ಟುಗಳಿಗೆ. ನನ್ನದರಲ್ಲಿ ಪೆಟ್ಟು ಬಿದ್ದದ್ದು ಇನ್ನೊಬ್ಬರಿಗೆ. ಇನ್ನೊಬ್ಬರಿಗೆ ಆದದ್ದನ್ನು ನಾನೊಬ್ಬನೇ ನಕ್ಕು ಮುಗಿಸಲು ಬರುವುದಿಲ್ಲ.

ಕಾಕು ಈಗ ಸೊಲ್ಲಾಪುರದಲ್ಲಿ ಮಗನ ಮನೆಯಲ್ಲಿದ್ದಾರೆ. ನಂಬರು ಹುಡುಕಿ ಫೋನ್ ಮಾಡಿದೆ. ಹಿಂದಿಯಲ್ಲೇ ಮಾತು ಶುರುವಾಯಿತು. ಮನೆ ಬದಲಿಸಿದ್ದು, ಪೆಟ್ಟಿಗೆ, ಭಾಷಣ, ಪಟ್ಟಿ ಎಲ್ಲ ಹೇಳಿ, ಅವತ್ತು ನಾನು ಮಾಡಿದ್ದು ತಪ್ಪಾಯಿತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕನ್ನಡದಲ್ಲಿ ಕೇಳಿದರು:

"ಅದೆಲ್ಲಾ ಇರ್ಲಿ. ಗರ್ದಿಗೆ ಕನ್ನಡದಾಗ ಏನಂತಾರ? ಅವತ್ತ ನೀ ಹೇಳ್ಲೇ ಇಲ್ಲ."

ಗದ್ದಲ ಎಂದೆ. "ಅದು ಸಪ್ಪಳ" ಎಂದರು. ಜನಜಂಗುಳಿ ಎಂದೆ. "ಬಸ್ಸಿನ್ಯಾಗ ಹಂಗಂದ್ರ ಯಾರಿಗರೆ ತಿಳೀತದೇನು?" ಎಂದು ನಕ್ಕರು. ಹದಿಮೂರು ವರ್ಷದಿಂದ ಅನುವಾದ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಮೂರನೆಯ ಮಾತು ಹೊಳೆಯಲಿಲ್ಲ.